ಸಿಸಿಲಿಗೆ ಎಂಟು ದಿನ: ಪೂರ್ವವೋ ಪಶ್ಚಿಮವೋ?

ಇಟಲಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ರೋಮ್, ವೆನಿಸ್, ಫ್ಲಾರೆನ್ಸ್. ಜೊತೆಗೆ ಪೀಸಾ ಗೋಪುರಕ್ಕೆ ಕೈ ಕೊಟ್ಟು ನಿಂತ ಅದೇ ಹಳೇ ಫೋಟೊ. ಮ್ಯಾಪಿನಲ್ಲಿ ಇಟಲಿಯ ಬೂಟಿನ ತುದಿಗೆ ತಾಗಿದಂತೆ ಕಾಣುವ ತ್ರಿಕೋನ ಗಮನಿಸಿದ್ದೀರಾ? ಅದೇ ಸಿಸಿಲಿ. ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 25,700 ಚದರ ಕಿ.ಮೀ. ಗ್ರೀಕರು, ಕಾರ್ಥೇಜಿನವರು, ರೋಮನ್ನರು, ಅರಬ್ಬರು, ನಾರ್ಮನ್ನರು, ಸ್ಪೇನಿನವರು ಹೀಗೆ ಬಂದವರೆಲ್ಲ ಇಲ್ಲಿ ಏನಾದರೊಂದು ಬಿಟ್ಟು ಹೋಗಿದ್ದಾರೆ.

ನಮ್ಮ ಸಮಸ್ಯೆ ಬೇರೆ. ರಜೆ ಇರೋದೇ ಎಂಟು ದಿನ. ಅಷ್ಟರಲ್ಲಿ ಇಡೀ ದ್ವೀಪ ಸುತ್ತಿ ಬರ್ತೀನಿ ಅಂತ ಹೊರಟರೆ ಹೆದ್ದಾರಿ ನೋಡಿದ್ದೇ ಬಂತು. ಒಂದು ಬದಿ ಆರಿಸಿಕೊಳ್ಳಿ. ಆರಿಸೋಕೆ ಸಹಾಯ ಆಗಲಿ ಅಂತ ಈ ವಾರದ ಅಂಕಣ.

ಪೂರ್ವ: ಬೆಂಕಿ ಮತ್ತು ಭೂಕಂಪದ ಸೀಮೆ

ಕತಾನಿಯಾ ಊರಿನ ತಲೆ ಮೇಲೆ ಎಟ್ನಾ ಕೂತಿದೆ. 3,300 ಮೀಟರಿಗೂ ಎತ್ತರದ, ಇಂದಿಗೂ ಹೊಗೆಯುಗುಳುವ ಜ್ವಾಲಾಮುಖಿ. 1669ರಲ್ಲಿ ಇದರ ಲಾವಾ ಕತಾನಿಯಾದವರೆಗೂ ಹರಿದು ಬಂದಿತ್ತು. ಊರಿನವರು ಅದೇ ಕಪ್ಪು ಕಲ್ಲಿನಲ್ಲಿ ಬೀದಿ ಹಾಸಿದರು, ಮನೆ ಕಟ್ಟಿದರು. ಊರಿನ ಮುಖ್ಯ ಚೌಕದಲ್ಲಿ ನಿಂತಿರುವ, ಬೆನ್ನ ಮೇಲೆ ಈಜಿಪ್ಟಿನ ಕಂಬ ಹೊತ್ತ ಆನೆಯೂ ಲಾವಾ ಕಲ್ಲಿನದೇ. ಹತ್ತಲು ಹೆದರಬೇಡಿ. 1,900 ಮೀಟರ್ ತನಕ ಬಸ್ಸು ಹೋಗುತ್ತದೆ, ಅಲ್ಲಿಂದ 2,500 ಮೀಟರ್‌ವರೆಗೆ ಕೇಬಲ್ ಕಾರ್ ಇದೆ. ಅದಕ್ಕೂ ಮೇಲೆ ಹೋಗುವುದಾದರೆ ಆ ದಿನದ ಸುರಕ್ಷತಾ ಸೂಚನೆ ಕೇಳಿಕೊಂಡೇ ಹೋಗಿ.

ಕತಾನಿಯಾದಿಂದ ರೈಲಲ್ಲಿ ಸುಮಾರು ಒಂದು ಗಂಟೆ ದಕ್ಷಿಣಕ್ಕೆ ಸಿರಾಕೂಸಾ. ಆರ್ಕಿಮಿಡೀಸ್‌ನ ಊರು. ಕ್ರಿ.ಪೂ. 212ರಲ್ಲಿ ರೋಮನ್ನರು ಊರು ಹಿಡಿದಾಗ ಅವನು ಸತ್ತದ್ದೂ ಇಲ್ಲೇ. ಹಳೇ ಊರಾದ ಓರ್ತಿಜಾದ ಕೆಥೆಡ್ರಲ್‌ನ ಗೋಡೆಯನ್ನು ಸರಿಯಾಗಿ ನೋಡಿ. ಗೋಡೆಯೊಳಗಿಂದ ದಪ್ಪ ಕಂಬಗಳು ಇಣುಕುತ್ತವೆ. ಅವು ಕ್ರಿ.ಪೂ. 5ನೇ ಶತಮಾನದ ಅಥೀನಾ ದೇವಾಲಯದ ಕಂಬಗಳು. ದೇವಸ್ಥಾನ ಕೆಡವಲಿಲ್ಲ, ಕಂಬಗಳ ನಡುವೆ ಗೋಡೆ ತುಂಬಿ ಚರ್ಚ್ ಮಾಡಿಕೊಂಡರು. ಎರಡೂವರೆ ಸಾವಿರ ವರ್ಷದಿಂದ ಅದೇ ಜಾಗದಲ್ಲಿ ಜನ ಕೈ ಮುಗಿಯುತ್ತಾ ಬಂದಿದ್ದಾರೆ.

ಇನ್ನೂ ಕೆಳಗೆ ನೋತೊ, ಮೋದಿಕಾ, ರಗೂಜಾ. 1693ರ ಜನವರಿ 11ರಂದು ಭೂಕಂಪ ಈ ಸೀಮೆಯನ್ನು ನೆಲಸಮ ಮಾಡಿತು. ನೋತೊದವರು ಹಳೇ ಊರು ಬಿಟ್ಟು ಬೇರೆ ಕಡೆ ಹೊಸದಾಗಿ ಕಟ್ಟಿದರು. ರಗೂಜಾದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಕೆಲವರು ಮೇಲಿನ ಗುಡ್ಡಕ್ಕೆ ಹೋದರು, ಉಳಿದವರು ಬಿದ್ದ ಜಾಗದಲ್ಲೇ ಮತ್ತೆ ಎಬ್ಬಿಸಿದರು. ಹಾಗಾಗಿ ಇವತ್ತಿಗೂ ಅಲ್ಲಿ ಎರಡು ಊರು, ನಡುವೆ ನೂರಾರು ಮೆಟ್ಟಿಲು. ಸಂಜೆ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗುವ ಈ ಊರುಗಳಲ್ಲಿ ಎಂಟು 2002ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಮೋದಿಕಾದಲ್ಲಿ ಚಾಕೊಲೇಟ್ ತಿನ್ನದೆ ಬರಬೇಡಿ. ಹೆಚ್ಚು ಬಿಸಿ ಮಾಡದೆ ತಯಾರಿಸುವುದರಿಂದ ಸಕ್ಕರೆ ಕರಗಿರುವುದಿಲ್ಲ, ಹಲ್ಲಿಗೆ ಹರಳು ಹರಳಾಗಿ ಸಿಗುತ್ತದೆ.

ಪಶ್ಚಿಮ: ನಾಲ್ಕು ಭಾಷೆಯ ಕಲ್ಲು

ಪಲೆರ್ಮೊ ರಾಜಧಾನಿ. 831ರಲ್ಲಿ ಅರಬ್ಬರ ಕೈಗೆ, 1072ರಲ್ಲಿ ನಾರ್ಮನ್ನರ ಕೈಗೆ ಹೋಯಿತು. ಗೆದ್ದ ನಾರ್ಮನ್ನರು ಅರಬ್ ಕುಶಲಕರ್ಮಿಗಳನ್ನೂ ಗ್ರೀಕ್ ಅಧಿಕಾರಿಗಳನ್ನೂ ಓಡಿಸದೆ ಕೆಲಸಕ್ಕಿಟ್ಟುಕೊಂಡರು. ಎರಡನೇ ರೋಜರ್ ದೊರೆಯ ಅರಮನೆ ಪ್ರಾರ್ಥನಾ ಮಂದಿರ 'ಕಪೆಲ್ಲಾ ಪಲಾಟಿನಾ'ಕ್ಕೆ ಹೋಗಿ ತಲೆ ಎತ್ತಿ. ಚಾವಣಿ ಅರಬ್ ಶೈಲಿಯ ಮರದ ಕೆತ್ತನೆ, ಗೋಡೆ ತುಂಬ ಬಿಜಾಂಟಿಯನ್ ಶೈಲಿಯ ಚಿನ್ನದ ಮೊಸಾಯಿಕ್.

ನನ್ನ ಕೇಳಿದರೆ ಅದಕ್ಕಿಂತ ದೊಡ್ಡದು ಲಾ ಝೀಸಾ ಅರಮನೆಯ ಮ್ಯೂಸಿಯಂನಲ್ಲಿರುವ ಪುಟ್ಟ ಕಲ್ಲು. 12ನೇ ಶತಮಾನದಲ್ಲಿ ಒಬ್ಬ ಪಾದ್ರಿ ತೀರಿಹೋದ ತನ್ನ ತಾಯಿ ಅನ್ನಾಗಾಗಿ ಹಾಕಿಸಿದ ಸಮಾಧಿ ಫಲಕ. ಲ್ಯಾಟಿನ್, ಗ್ರೀಕ್, ಅರೇಬಿಕ್ ಮತ್ತು ಹೀಬ್ರೂ ಲಿಪಿಯ ಅರೇಬಿಕ್, ಹೀಗೆ ನಾಲ್ಕು ಬರಹ. ತಾರೀಕೂ ಅಷ್ಟೇ, ಆಯಾ ಜನರ ಪಂಚಾಂಗದ ಪ್ರಕಾರ. ದಾರಿಯಲ್ಲಿ ಹೋಗುವ ಯಾರೇ ಆಗಲಿ ಅಮ್ಮನ ಹೆಸರು ಓದಲಿ ಅನ್ನೋದು ಮಗನ ಆಸೆ ಇದ್ದಿರಬೇಕು.

ಇದೇ ಊರಿಗೆ ಇನ್ನೊಂದು ಮುಖವೂ ಇದೆ. 1992ರಲ್ಲಿ ಎರಡು ತಿಂಗಳ ಅಂತರದಲ್ಲಿ ನ್ಯಾಯಾಧೀಶರಾದ ಫಾಲ್ಕೋನೆ ಮತ್ತು ಬೊರ್ಸೆಲ್ಲೀನೊ ಅವರನ್ನು ಮಾಫಿಯಾ ಬಾಂಬಿಟ್ಟು ಕೊಂದಿತು. ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಇವತ್ತು ಅವರಿಬ್ಬರದೇ ಹೆಸರು. ಮಾಫಿಯಾಗೆ ಅಂಗಡಿಯವರು ಕೊಡಬೇಕಿದ್ದ ಹಫ್ತಾಗೆ ಅಲ್ಲಿ 'ಪಿಟ್ಸೊ' ಅಂತಾರೆ. 2004ರಲ್ಲಿ ಕೆಲವು ಯುವಕ ಯುವತಿಯರು ಊರ ತುಂಬ ಸ್ಟಿಕ್ಕರ್ ಅಂಟಿಸಿ ಇದರ ವಿರುದ್ಧ 'ಅದಿಯೋಪಿಟ್ಸೊ' ಚಳವಳಿ ಶುರು ಮಾಡಿದರು. ಹಫ್ತಾ ಕೊಡುವುದಿಲ್ಲ ಎಂದ ಅಂಗಡಿ, ಹೋಟೆಲ್‌ಗಳ ಬಾಗಿಲಲ್ಲಿ ಅವರ ಗುರುತು ಇರುತ್ತದೆ. ನಿಮ್ಮ ಊಟದ ದುಡ್ಡು ಅಂಥ ಕಡೆ ಖರ್ಚಾಗಲಿ. 'ಗಾಡ್‌ಫಾದರ್' ಟೀ ಶರ್ಟ್ ಕೊಳ್ಳುವುದು ಬೇಡ, ಅದು ಅಲ್ಲಿಯವರ ಗಾಯ.

ಸಮಯವಿದ್ದರೆ ತ್ರಾಪನಿಯ ಉಪ್ಪಿನ ಗದ್ದೆಗಳು, ದಕ್ಷಿಣಕ್ಕೆ ಅಗ್ರಿಜೆಂಟೊದ ಗ್ರೀಕ್ ದೇವಾಲಯಗಳನ್ನೂ ನೋಡಿ. ಅಲ್ಲಿನ ಕಾಂಕಾರ್ಡಿಯಾ ದೇಗುಲ ಇಷ್ಟು ಚೆನ್ನಾಗಿ ಉಳಿದಿದ್ದಕ್ಕೆ ಒಂದು ಕಾರಣ, 6ನೇ ಶತಮಾನದಲ್ಲಿ ಅದನ್ನು ಚರ್ಚ್ ಮಾಡಿಕೊಂಡದ್ದು.

ನಡುನಾಡು: ಒಂದು ಯೂರೊ ಮನೆ

ಕರಾವಳಿ ಬಿಟ್ಟು ಒಳಗೆ ಹೋದರೆ ಗೋಧಿ ಹೊಲಗಳ ಗುಡ್ಡಗಾಡು. ಒಂದು ಕಾಲಕ್ಕೆ ರೋಮ್‌ನ ಕಣಜ. ಪಿಯಾಟ್ಸಾ ಅರ್ಮೆರೀನಾ ಬಳಿಯ ರೋಮನ್ ಬಂಗಲೆಯ ನೆಲದಲ್ಲಿ ಬಿಕಿನಿಯಂಥ ಉಡುಪು ತೊಟ್ಟು ಆಟವಾಡುವ ಹುಡುಗಿಯರ 4ನೇ ಶತಮಾನದ ಮೊಸಾಯಿಕ್ ಇದೆ. ಆದರೆ ಸುತ್ತಲ ಊರುಗಳಲ್ಲಿ ಹುಡುಗ ಹುಡುಗಿಯರೇ ಕಡಿಮೆ. ಕೆಲಸ ಹುಡುಕಿ ಮಿಲಾನ್‌ಗೋ ಜರ್ಮನಿಗೋ ಹೋದವರು ರಜೆಗೆ ಮಾತ್ರ ಬರುತ್ತಾರೆ. ಸಂಬೂಕಾ, ಮುಸ್ಸೊಮೇಲಿಯಂಥ ಊರುಗಳು ಪಾಳುಬಿದ್ದ ಮನೆಗಳನ್ನು ಒಂದು ಯೂರೊಗೆ ಮಾರಾಟಕ್ಕಿಟ್ಟವು. ರಿಪೇರಿ ಮಾಡಿಸಲೇಬೇಕೆಂಬ ಷರತ್ತಿನ ಮೇಲೆ. ಊರಲ್ಲಿ ಅಪ್ಪ ಅಮ್ಮ, ಬೀಗ ಹಾಕಿದ ಅಕ್ಕಪಕ್ಕದ ಮನೆ, ಹಬ್ಬಕ್ಕೆ ಮಾತ್ರ ಬಸ್ಸು ಹತ್ತುವ ನಾವು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ರಾತ್ರಿಯಾದರೂ ಇಂಥ ಊರಲ್ಲಿ ಉಳಿಯಿರಿ.

ಹೊರಡುವ ಮುನ್ನ

* ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕೊನೇ ಗಳಿಗೆವರೆಗೆ ಕಾಯಬೇಡಿ.
* ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇದು. 2021ರ ಆಗಸ್ಟ್‌ನಲ್ಲಿ ಸಿರಾಕೂಸಾ ಬಳಿ 48.8 ಡಿಗ್ರಿ ದಾಖಲಾಗಿತ್ತು, ಯೂರೋಪಿನಲ್ಲೇ ಅತಿ ಹೆಚ್ಚು.
* ಕಾರು ಬಾಡಿಗೆಗೆ ಪಡೆಯುವುದಾದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಹಳೇ ಊರುಗಳ ನಡುವೆ 'ಝೆಡ್‌ಟಿಎಲ್' ಬೋರ್ಡ್ ಕಂಡರೆ ಒಳಗೆ ನುಗ್ಗಬೇಡಿ. ಕ್ಯಾಮೆರಾ ಇರುತ್ತದೆ, ದಂಡ ಬೀಳುತ್ತದೆ.
* ಸಸ್ಯಾಹಾರಿಗಳು ಉಪವಾಸ ಬೀಳಲ್ಲ. ಪಲೆರ್ಮೊದ 'ಪನೆಲ್ಲೆ' ಅಂದ್ರೆ ಕಡಲೆಹಿಟ್ಟನ್ನು ಬೇಯಿಸಿ, ತೆಳುವಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ಕತಾನಿಯಾದ 'ಪಾಸ್ತಾ ಅಲ್ಲಾ ನೋರ್ಮಾ'ದಲ್ಲಿ ಬದನೆಕಾಯಿ, ಟೊಮ್ಯಾಟೊ, ಉಪ್ಪು ಹಾಕಿದ ರಿಕೊಟ್ಟಾ ಗಿಣ್ಣು. ಅನ್ನದ ಉಂಡೆ 'ಅರಂಚೀನಿ'ಯೊಳಗೆ ಮಾಂಸ ಇರಬಹುದು, ಕೇಳಿ ತಿನ್ನಿ.

ಬೆಟ್ಟ, ಸಮುದ್ರ, ಬೀದಿ ಓಡಾಟ ಇಷ್ಟವಾದರೆ ಪೂರ್ವ. ಇತಿಹಾಸ, ಮಾರುಕಟ್ಟೆ, ತಿಂಡಿ ಅಂದ್ರೆ ಪಶ್ಚಿಮ. ಉಳಿದರ್ಧ ಉಳಿಯಲಿ ಬಿಡಿ, ಮುಂದಿನ ರಜೆಗೊಂದು ನೆಪ ಸಿಕ್ಕಿತಲ್ಲ.