ಮುರಿಯಲೆಂದೇ ಹಾಕಿದ ಬೋಲ್ಟು

ಯಂತ್ರದ ಯಾವ ಭಾಗ ಮುರಿದರೂ ಅದರ ಯಜಮಾನನಿಗೆ ಸಿಟ್ಟು ಬರುತ್ತದೆ. ಬಾಡಿಗೆ ಹೋಯಿತು, ದಿನ ಹಾಳಾಯಿತು, ಪೇಟೆಗೆ ಓಡಬೇಕಾಯಿತು. ಆದರೆ ಮುರಿಯುವುದೇ ತನ್ನ ಕೆಲಸವಾಗಿರುವ ಒಂದು ಭಾಗವೂ ಕೆಲವು ಯಂತ್ರಗಳಲ್ಲಿ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಜಾಲಿ ಪೊದೆ, ಹತ್ತಿ ಕಟ್ಟಿಗೆ, ಎತ್ತರದ ಕಳೆ ಕತ್ತರಿಸುವ ಯಂತ್ರದಲ್ಲಿ ಅದು ಒಂದು ಸಣ್ಣ ಬೋಲ್ಟು. ಬೆಲೆ ಕೆಲವೇ ರೂಪಾಯಿ. ಅದು ಏಕೆ ಮುರಿಯಬೇಕು, ಮುರಿದಾಗ ಆ ಜಾಗಕ್ಕೆ ಏನನ್ನು ಹಾಕಬೇಕು ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು.

ಜಾಲಿಯೊಡನೆ ಜಗಳ

ರೋಣ, ನರಗುಂದ ತಾಲ್ಲೂಕುಗಳ ಎರೆ ಹೊಲಗಳು ಹೆಸರು, ಹತ್ತಿ, ಕಡಲೆ, ಬಿಳಿಜೋಳಕ್ಕೆ ಹೆಸರಾದವು. ಗಜೇಂದ್ರಗಡದ ಕಡೆ ಹೋದಂತೆ ಗುಡ್ಡ, ಮಸಾರಿ ನೆಲ, ಕಲ್ಲು ಹೆಚ್ಚು. ಮಣ್ಣು ಬೇರೆಯಾದರೂ ಎರಡೂ ಕಡೆಯ ರೈತರಿಗೆ ಒಬ್ಬನೇ ವೈರಿ: ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಸೌದೆಯಾಗಲಿ, ಬರಡು ನೆಲ ಹಸಿರಾಗಲಿ ಎಂದು ಇದನ್ನು ಭಾರತಕ್ಕೆ ತರಲಾಯಿತು. ಇದರ ಸಿಹಿ ಕಾಯಿಗಳನ್ನು ಆಡು, ಕುರಿ, ದನ ತಿನ್ನುತ್ತವೆ. ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿಯೊಡನೆ ಹೊರಬಂದು ಹೊಸ ಜಾಗದಲ್ಲಿ ಮೊಳೆಯುತ್ತದೆ. ಬದುವಿನ ಮೇಲೆ, ಕಾಲುವೆಯ ದಂಡೆಯಲ್ಲಿ, ಹಳ್ಳದ ಪಾತ್ರದಲ್ಲಿ ಜಾಲಿ ಹಬ್ಬಿದ್ದು ಹೀಗೆ.

೨೦೦೯ರಲ್ಲಿ ಮತ್ತು ೨೦೧೯ರಲ್ಲಿ ಮಲಪ್ರಭೆ ಹಾಗೂ ಬೆಣ್ಣೆಹಳ್ಳ ಉಕ್ಕಿ ಈ ಸೀಮೆಯ ಊರುಗಳಿಗೆ ನೀರು ನುಗ್ಗಿತು. ಹಳ್ಳದ ಪಾತ್ರದಲ್ಲಿ ದಟ್ಟವಾಗಿ ನಿಂತ ಜಾಲಿ ನೀರಿನ ವೇಗವನ್ನು ತಗ್ಗಿಸುತ್ತದೆ. ವೇಗ ತಗ್ಗಿದ ನೀರು ತಾನು ಹೊತ್ತ ಹೂಳನ್ನು ಅಲ್ಲೇ ಇಳಿಸುತ್ತದೆ. ಹೂಳು ತುಂಬಿದಷ್ಟೂ ನೀರು ದಂಡೆ ಮೀರುವುದು ಸುಲಭವಾಗುತ್ತದೆ. ಆದ್ದರಿಂದ ಜಾಲಿ ಕಡಿಯುವುದು ಹೊಲದ ಕೆಲಸ ಮಾತ್ರವಲ್ಲ, ಊರಿನ ಕೆಲಸವೂ ಹೌದು.

ದೊಡ್ಡ ಮರವಾದ ಜಾಲಿಗೆ ಮಣ್ಣು ಅಗೆಯುವ ಭಾರಿ ಯಂತ್ರವೇ ಬೇಕು. ಕೈಬೆರಳು, ಹೆಬ್ಬೆರಳಿನ ಗಾತ್ರದ ಎಳೆ ಪೊದೆಗೆ ಟ್ರ್ಯಾಕ್ಟರಿನ ಹಿಂದಿನ ಕತ್ತರಿಸುವ ಯಂತ್ರ ಸಾಕು. ಆದರೆ ಅದು ನೆಲದ ಮೇಲಿನದನ್ನು ಮಾತ್ರ ಕತ್ತರಿಸುತ್ತದೆ. ಬೇರಿನ ತಲೆಯಲ್ಲಿ, ಮಣ್ಣಿನೊಳಗೆ ಅಡಗಿದ ಮೊಗ್ಗುಗಳಿಂದ ಒಂದು ಕಾಂಡದ ಬದಲು ನಾಲ್ಕಾರು ಕಾಂಡ ಚಿಗುರುತ್ತವೆ. ಬೇರಿನ ತಲೆಯನ್ನು ಅಗೆದು ತೆಗೆಯದಿದ್ದರೆ ಯಂತ್ರ ಮತ್ತೆ ಮತ್ತೆ ಬರಬೇಕು. ೨೦೧೪ರ ನಂತರ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ಬಂದ ಮೇಲೆ ಒಂದೇ ಯಂತ್ರವನ್ನು ಹತ್ತಾರು ಕೈಗಳು ನಡೆಸುವುದು ಸಾಮಾನ್ಯವಾಗಿದೆ. ಅದರ ಸ್ವಭಾವ ತಿಳಿದಿರಬೇಕಾದವರ ಸಂಖ್ಯೆಯೂ ಅಷ್ಟೇ ಹೆಚ್ಚಿದೆ.

ಶಕ್ತಿ ಸಾಗುವ ದಾರಿ

ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ಎರಡು ದೊಡ್ಡ ಗಾಲಿಗಳ ನಡುವೆ, ಹಲ್ಲು ಹಲ್ಲಾದ ಒಂದು ಗಿಡ್ಡ ದಂಡ ಕಾಣುತ್ತದೆ. ಇದನ್ನು ಪಿ.ಟಿ.ಓ. ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಬಾಗಿಲು ಇದು. ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಯಂತ್ರ ಹೊಂದಬೇಕೆಂದು ಅಮೆರಿಕದ ಕೃಷಿ ಎಂಜಿನಿಯರುಗಳು ೧೯೨೦ರ ದಶಕದಲ್ಲಿ ಇದರ ಅಳತೆ ಮತ್ತು ವೇಗವನ್ನು ಗೊತ್ತುಪಡಿಸಿದರು. ನಿಮಿಷಕ್ಕೆ ೫೪೦ ಸುತ್ತು ಎಂಬ ವೇಗ ಇಂದಿಗೂ ನಡೆದುಬಂದಿದೆ.

ಪಿ.ಟಿ.ಓ.ದಿಂದ ಉದ್ದನೆಯ ಶಾಫ್ಟ್, ಶಾಫ್ಟಿನಿಂದ ಯಂತ್ರದ ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ಕೆಳಗಿನ ಅಲಗುಗಳು. ಗೇರ್‌ಬಾಕ್ಸ್ ಎರಡು ಕೆಲಸ ಮಾಡುತ್ತದೆ. ಅಡ್ಡಡ್ಡ ತಿರುಗುವ ಶಾಫ್ಟಿನ ಚಲನೆಯನ್ನು ನೆಲಕ್ಕೆ ಸಮಾಂತರವಾಗಿ ಗಿರಗಟ್ಟುವ ಅಲಗಿನ ಚಲನೆಯಾಗಿ ಬದಲಿಸುತ್ತದೆ. ಜೊತೆಗೆ ವೇಗವನ್ನೂ ಹೆಚ್ಚಿಸುತ್ತದೆ. ಅಲಗು ನಿಮಿಷಕ್ಕೆ ೯೦೦ ಸುತ್ತು ತಿರುಗುತ್ತದೆ, ಅದು ಬಿಡಿಸುವ ವೃತ್ತದ ವ್ಯಾಸ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ೧೫ ಸುತ್ತು. ಒಂದು ಸುತ್ತಿಗೆ ಸುಮಾರು ೪.೭ ಮೀಟರ್. ಅಂದರೆ ಅಲಗಿನ ತುದಿ ಸೆಕೆಂಡಿಗೆ ೭೦ ಮೀಟರ್, ಗಂಟೆಗೆ ೨೫೦ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕುಡುಗೋಲಿನಂತೆ ಇದು ಹರಿತದಿಂದ ಕೊಯ್ಯುವುದಿಲ್ಲ, ವೇಗದಿಂದ ಬಡಿದು ತುಂಡರಿಸುತ್ತದೆ.

ಈ ಅಲಗುಗಳನ್ನು ಬಿಗಿಯಾಗಿ ಕೂರಿಸಿರುವುದಿಲ್ಲ. ದಪ್ಪ ಪಿನ್ನಿನ ಮೇಲೆ ಅವು ಸಡಿಲವಾಗಿ ಆಡುತ್ತವೆ. ಯಂತ್ರ ನಿಂತಾಗ ಅತ್ತಿತ್ತ ಸರಿಯುವ ಅಲಗು, ಯಂತ್ರ ತಿರುಗಿದಾಗ ಕವಣೆಯ ಹಗ್ಗದಂತೆ ಹೊರಕ್ಕೆ ಸೆಟೆದು ನಿಲ್ಲುತ್ತದೆ. ಕಲ್ಲೋ ಮೊಳಕೋ ಅಡ್ಡ ಬಂದರೆ ಹಿಂದಕ್ಕೆ ಮಡಚಿಕೊಂಡು ದಾಟಿ, ಮತ್ತೆ ಸೆಟೆಯುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಕವಣೆಯ ಇನ್ನೊಂದು ಗುಣವೂ ಇದಕ್ಕಿದೆ. ಗಜೇಂದ್ರಗಡದ ಕಡೆಯ ಕಲ್ಲು ನೆಲದಲ್ಲಿ ೫೦ ಗ್ರಾಂನ ಒಂದು ಹರಳು ಅಲಗಿಗೆ ಸಿಕ್ಕಿ ಅದೇ ವೇಗದಲ್ಲಿ ಹಾರಿತೆನ್ನೋಣ. ಅದರ ಚಲನಶಕ್ತಿ ಸುಮಾರು ೧೨೦ ಜೂಲ್. ಒಂದು ಕಿಲೋ ತೂಕದ ಬಟ್ಟು ನಾಲ್ಕು ಅಂತಸ್ತಿನ ಎತ್ತರದಿಂದ ತಲೆಯ ಮೇಲೆ ಬಿದ್ದಷ್ಟು! ಹೀಗೆ ಹಾರಿದ ಕಲ್ಲು ನೂರು ಮೀಟರ್ ದೂರದವರೆಗೂ ಹೋಗಬಲ್ಲದು. ಯಂತ್ರದ ಸುತ್ತಲಿನ ತಗಡಿನ ಅಂಚು, ಹಿಂದೆ ಇಳಿಬಿಟ್ಟ ಸರಪಳಿ ಅಥವಾ ರಬ್ಬರು ಪಟ್ಟಿ ಇರುವುದು ಅಂದಕ್ಕಲ್ಲ. ಅವು ಹರಿದಿದ್ದರೆ ಯಂತ್ರ ಹೊಲಕ್ಕೆ ಇಳಿಯಬಾರದು.

ಬೋಲ್ಟಿನ ಲೆಕ್ಕ

ಈಗ ಮುರಿಯುವ ಬೋಲ್ಟಿಗೆ ಬರೋಣ. ಶಾಫ್ಟ್ ಗೇರ್‌ಬಾಕ್ಸನ್ನು ಸೇರುವಲ್ಲಿ ಇದು ಇರುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಶಿಯರ್ ಬೋಲ್ಟ್ ಎನ್ನುತ್ತಾರೆ. ೩೫ ಅಶ್ವಶಕ್ತಿ ನಿಮಿಷಕ್ಕೆ ೫೪೦ ಸುತ್ತಿನಲ್ಲಿ ಹರಿದರೆ ಶಾಫ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು ೪೬೦ ನ್ಯೂಟನ್ ಮೀಟರ್. ತಲಾ ೫೦ ಕಿಲೋ ತೂಕದ ಮೂವರು ಒಂದಡಿ ಉದ್ದದ ಪಾನಾದ ತುದಿಗೆ ಒಟ್ಟಿಗೆ ಜೋತುಬಿದ್ದಂತೆ ಇದು. ಬೋಲ್ಟು ಶಾಫ್ಟಿನ ಮಧ್ಯದಿಂದ ೫ ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಭಾರ ಒಂಬತ್ತು ಕ್ವಿಂಟಲ್‌ಗಿಂತ ತುಸು ಹೆಚ್ಚು. ೮ ಮಿಲಿಮೀಟರ್ ದಪ್ಪದ ಮೆತು ಉಕ್ಕಿನ ಬೋಲ್ಟು ಹೆಚ್ಚುಕಡಿಮೆ ಹನ್ನೆರಡು ಕ್ವಿಂಟಲ್ ತಡೆದು ಆಮೇಲೆ ತುಂಡಾಗುತ್ತದೆ. ದಿನದ ಕೆಲಸಕ್ಕೆ ಸಾಕಾಗುವಷ್ಟು ಗಟ್ಟಿ, ಅದಕ್ಕಿಂತ ಹೆಚ್ಚಲ್ಲ.

ಅಲಗು ನೆಲದಲ್ಲಿ ಹೂತ ಬಂಡೆಗೆ ತಾಗಿ ಥಟ್ಟನೆ ನಿಂತಿತೆನ್ನೋಣ. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಿಲ್ಲಿಸುವ ಸಮಯ ಹೆಚ್ಚಿದಷ್ಟೂ ಬಲ ಕಡಿಮೆ. ಇಲ್ಲಿ ಅದಕ್ಕೆ ತಿರುಗುಮುರುಗು. ಸಮಯ ಕ್ಷಣದ ಸಣ್ಣ ಪಾಲು, ಆದ್ದರಿಂದ ಬಲ ಮಾಮೂಲಿಗಿಂತ ಹಲವು ಪಟ್ಟು. ಆ ಬಲ ಎಲ್ಲಾದರೂ ಒಂದು ಕಡೆ ತನ್ನ ಹಾದಿ ಮಾಡಿಕೊಳ್ಳಲೇಬೇಕು. ಬೋಲ್ಟು ಮುರಿದರೆ ಶಾಫ್ಟ್ ಬರಿದೇ ತಿರುಗುತ್ತದೆ, ಉಳಿದದ್ದೆಲ್ಲ ಉಳಿಯುತ್ತದೆ. ಬೋಲ್ಟು ಮುರಿಯದಿದ್ದರೆ ಗೇರಿನ ಹಲ್ಲು, ಶಾಫ್ಟಿನ ಕ್ರಾಸ್, ಕೆಲವೊಮ್ಮೆ ಟ್ರ್ಯಾಕ್ಟರಿನ ಪಿ.ಟಿ.ಓ. ದಂಡವೇ ಮುರಿಯುತ್ತದೆ.

ಹೊಲದ ನಡುವೆ ಎರಡು ಮೂರು ಸಲ ಬೋಲ್ಟು ಮುರಿದರೆ ಸಿಟ್ಟಿಗೆದ್ದವರು ಮಾಡುವ ಮೊದಲ ಕೆಲಸ, ‘ಗಟ್ಟಿ ಬೋಲ್ಟು ಹಾಕು’ ಎನ್ನುವುದು. ಬೋಲ್ಟಿನ ತಲೆಯ ಮೇಲೆ ೪.೬, ೮.೮ ಎಂಬ ಅಂಕಿಗಳಿರುತ್ತವೆ. ಚುಕ್ಕಿಯ ಎಡಗಡೆಯ ಅಂಕಿ ಉಕ್ಕಿನ ಬಲ ಹೇಳುತ್ತದೆ. ೮.೮ರ ಬೋಲ್ಟು ೪.೬ಕ್ಕಿಂತ ಎರಡು ಪಟ್ಟು ಗಟ್ಟಿ, ಅಂದರೆ ಹನ್ನೆರಡರ ಬದಲು ಇಪ್ಪತ್ತನಾಲ್ಕು ಕ್ವಿಂಟಲ್ ತಡೆಯುತ್ತದೆ. ೮ ಮಿಲಿಮೀಟರಿನ ಬದಲು ತೂತು ದೊಡ್ಡದು ಮಾಡಿ ೧೦ ಮಿಲಿಮೀಟರಿನದು ಹಾಕಿದರೆ ಬಲ ಒಂದೂವರೆ ಪಟ್ಟಿಗಿಂತ ಹೆಚ್ಚುತ್ತದೆ. ಏಕೆಂದರೆ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಹೀಗೆ ಕೆಲವು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಗೇರ್‌ಬಾಕ್ಸನ್ನು ಪಣಕ್ಕೆ ಇಟ್ಟಂತಾಗುತ್ತದೆ. ಮನೆಯಲ್ಲಿ ಫ್ಯೂಸ್ ಹೋದಾಗ ದಪ್ಪ ತಾಮ್ರದ ತಂತಿ ಸುತ್ತುವುದೂ ಇದೇ ಬುದ್ಧಿ. ಫ್ಯೂಸು ಉಳಿಯುತ್ತದೆ, ಮನೆಗೆ ಬೆಂಕಿ ಬೀಳುತ್ತದೆ.

ಯಂತ್ರ ತಯಾರಿಸಿದವರು ಯಾವ ಅಳತೆ, ಯಾವ ಅಂಕಿಯ ಬೋಲ್ಟು ಹೇಳಿದ್ದಾರೋ ಅದನ್ನೇ ಹಾಕಬೇಕು. ಅಂಥವನ್ನು ನಾಲ್ಕೈದು ತಂದು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಪೇಟೆಗೆ ಓಡುವುದು ತಪ್ಪುತ್ತದೆ. ಮತ್ತೆ ಮತ್ತೆ ಮುರಿಯುತ್ತಿದ್ದರೆ ತಪ್ಪು ಬೋಲ್ಟಿನದಲ್ಲ. ಯಂತ್ರ ಮಣ್ಣು ಕೆರೆಯುವಷ್ಟು ಕೆಳಗಿದೆ, ಗಾಡಿ ತೀರ ಜೋರಾಗಿ ಹೋಗುತ್ತಿದೆ, ಇಲ್ಲವೇ ಕಾಂಡ ಯಂತ್ರದ ಅಳವಿಗಿಂತ ದಪ್ಪವಾಗಿದೆ ಎಂದು ಅದು ಹೇಳುತ್ತಿರುತ್ತದೆ.

ನಡುಗಿದರೆ ನಿಲ್ಲಿಸಿ

ದುರಸ್ತಿಯ ನಂತರ ಯಂತ್ರ ಗಡಗಡ ನಡುಗಿದರೆ ಮೊದಲು ನೋಡಬೇಕಾದದ್ದು ಅಲಗುಗಳ ತೂಕ. ಎರಡು ಅಲಗುಗಳಲ್ಲಿ ಒಂದು ಸವೆದು ೧೦೦ ಗ್ರಾಂ ಕಡಿಮೆಯಾಗಿದ್ದರೆ, ಮೇಲೆ ಹೇಳಿದ ವೇಗದಲ್ಲಿ ಅಷ್ಟು ಸಣ್ಣ ವ್ಯತ್ಯಾಸವೇ ೬೦ ಕಿಲೋ ಭಾರದಷ್ಟು ಬಲದಿಂದ ಗೇರ್‌ಬಾಕ್ಸನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ ೧೫ ಸಲ ದಿಕ್ಕು ಬದಲಿಸುತ್ತ. ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಆದ್ದರಿಂದ ಅಲಗುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಸಾಣೆ ಹಿಡಿದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೂ ಸಾಕು.

ಸೀಳು ಬಿಟ್ಟ ಅಲಗಿಗೆ ವೆಲ್ಡಿಂಗ್ ಮಾಡಿಸುವುದು ತಪ್ಪು. ಕಾಯಿಸಿ, ತಣಿಸಿ ಹದಗೊಳಿಸಿದ ಉಕ್ಕು ಅದು. ಕಂಬಾರರು ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಾರಲ್ಲ, ಆ ಹದ ವೆಲ್ಡಿಂಗಿನ ಬಿಸಿಗೆ ಕೆಡುತ್ತದೆ. ಒಂದು ಕಡೆ ಮೆತ್ತಗೆ, ಪಕ್ಕದಲ್ಲೇ ಗಾಜಿನಂತೆ ಪೆಡಸು. ಅಂಥ ಅಲಗು ಮುರಿದು ಹಾರಿದರೆ ತಗಡೂ ತಡೆಯದು.

ನಡುಕಕ್ಕೆ ಇನ್ನೊಂದು ಕಾರಣ ಶಾಫ್ಟಿನ ಎರಡು ತುದಿಯ ಕೀಲುಗಳು. ವಿದ್ಯಾರ್ಥಿಗಳು ಸ್ಪ್ರಿಂಗಿನ ನಿಯಮದಲ್ಲಿ ಓದುವ ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲಿ ಇಂಥ ಕೀಲನ್ನು ಬಳಸಿ ವಿವರಿಸಿದ. ಬಾಗಿದ ಕೋನದಲ್ಲೂ ಇದು ಚಲನೆ ದಾಟಿಸುತ್ತದೆ, ಆದರೆ ಸಮನಾಗಿ ಅಲ್ಲ. ಕೋನ ೩೦ ಡಿಗ್ರಿ ಇದ್ದರೆ ೫೪೦ರ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ ೪೬೮ಕ್ಕೆ ಇಳಿದು ೬೨೪ಕ್ಕೆ ಏರುತ್ತದೆ. ಎರಡನೆಯ ಕೀಲು ಈ ಏರಿಳಿತವನ್ನು ಅಳಿಸಿಹಾಕುತ್ತದೆ. ಅದಕ್ಕೆ ಎರಡು ತುದಿಯ ಕೀಲುಗಳ ಬಾಗು ಒಂದೇ ಸಮ ಇರಬೇಕು. ನಡುವಿನ ಕೊಳವೆಯ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಶಾಫ್ಟನ್ನು ಬಿಚ್ಚಿ ಗ್ರೀಸ್ ಹಾಕಿ ಮತ್ತೆ ಸೇರಿಸುವಾಗ ಕವಲುಗಳು ಅಡ್ಡವಾಗಿ ಕೂತರೆ ಏರಿಳಿತ ಅಳಿಯುವ ಬದಲು ಕೂಡಿಕೊಳ್ಳುತ್ತದೆ. ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಈ ತೊಂದರೆ ಇಲ್ಲ.

ಒಂದು ಸೆಕೆಂಡು

ಯಂತ್ರಕ್ಕೆ ಮುರಿಯುವ ಬೋಲ್ಟು ಇದೆ. ಮನುಷ್ಯನಿಗೆ ಇಲ್ಲ. ೫೪೦ ಸುತ್ತು ಎಂದರೆ ಸೆಕೆಂಡಿಗೆ ೯ ಸುತ್ತು. ಶಾಫ್ಟಿನ ಕೊಳವೆಯ ಸುತ್ತಳತೆ ೨೫ ಸೆಂಟಿಮೀಟರ್ ಇದ್ದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗಿಂತ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಬಟ್ಟೆ ಸುತ್ತಿದಂತೆ ಶಾಫ್ಟ್ ದಪ್ಪವಾಗಿ ಎಳೆತ ಇನ್ನೂ ಬಿರುಸಾಗುತ್ತದೆ. ಧೋತರದ ಚುಂಗು, ಸೀರೆಯ ಸೆರಗು, ಹುಡುಗಿಯರ ಓಢಣಿ, ಹೆಗಲ ಮೇಲಿನ ಟವೆಲ್ಲು ಸಿಕ್ಕರೆ ಕೂಗಿ, ಆ ಕೂಗು ಚಾಲಕನ ಕಿವಿಗೆ ಬಿದ್ದು, ಅವನ ಕಾಲು ಕ್ಲಚ್ಚಿಗೆ ಹೋಗುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚವಿದ್ದು, ಅದು ತಿರುಗದಂತೆ ಸಣ್ಣ ಸರಪಳಿಯಿಂದ ಕಟ್ಟಿರುವುದು ಇದಕ್ಕಾಗಿಯೇ. ಒಡೆದ ಕವಚವನ್ನು ಕಿತ್ತೆಸೆದು ಕೆಲಸ ಮುಂದುವರಿಸುವುದು ಬೋಲ್ಟಿನ ಜಾಗಕ್ಕೆ ಕಬ್ಬಿಣದ ಸರಳು ತುರುಕುವುದಕ್ಕಿಂತ ಕೆಟ್ಟದ್ದು.

ಪಿ.ಟಿ.ಓ. ಬಿಡಿಸಿದ ಮೇಲೂ ಅಲಗುಗಳು ಜಡತ್ವದಿಂದ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತವೆ. ಸಿಕ್ಕ ಕಂಟಿ ಬಿಡಿಸಲು, ಬೋಲ್ಟು ಬದಲಿಸಲು ಕೈ ಹಾಕುವ ಮುನ್ನ ಎಂಜಿನ್ ಆರಬೇಕು, ಕೀಲಿ ಕೈ ಹಾಕುವವನ ಜೇಬಿನಲ್ಲಿರಬೇಕು, ಅಲಗು ಪೂರ್ತಿ ನಿಂತಿರಬೇಕು. ಎತ್ತಿದ ಯಂತ್ರದ ಕೆಳಗೆ ಹೋಗಬೇಕಾದರೆ ಹೈಡ್ರಾಲಿಕ್ ಮೇಲೆ ಭರವಸೆ ಇಡದೆ ದಪ್ಪ ಕಟ್ಟಿಗೆಯ ದಿಮ್ಮಿಗಳನ್ನು ಆಸರೆ ಕೊಡಬೇಕು. ಒಂದು ಸೀಲು ಸೋರಿದರೆ ಯಂತ್ರ ಸದ್ದಿಲ್ಲದೆ ಇಳಿಯುತ್ತದೆ.

ರಜೆಯಲ್ಲಿ ಮಕ್ಕಳು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರಲು ಹಟ ಮಾಡುತ್ತಾರೆ. ಸಾಲು ಹೊಡೆಯುವಾಗ ಪಕ್ಕದಲ್ಲಿ ಕೂತು ಬೆಳೆದ ತಂದೆಗೆ ಅದರಲ್ಲಿ ತಪ್ಪು ಕಾಣದೆ ಇರಬಹುದು. ಆದರೆ ಎತ್ತಿನ ಕುಂಟೆ ‘ಹೋ’ ಎಂದರೆ ನಿಲ್ಲುತ್ತಿತ್ತು. ಈ ಯಂತ್ರಕ್ಕೆ ಕಿವಿಯಿಲ್ಲ. ಇದು ನಡೆಯುವಾಗ ಮಕ್ಕಳ ಜಾಗ ಮನೆಯಂಗಳ, ಹೊಲದ ಬದುವೂ ಅಲ್ಲ. ಯಂತ್ರ ನಿಂತು ತಣ್ಣಗಾದ ಮೇಲೆ ಶಾಫ್ಟ್, ಕೀಲು, ಬೋಲ್ಟು ತೋರಿಸಿ ಅದರ ಲೆಕ್ಕ ಮಾಡಿಸಿದರೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ.

ಮಾಡಿ ನೋಡಿ: ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹ್ಯಾಂಡಲನ್ನು ಒಬ್ಬರು ಹಿಡಿದಿರಲಿ. ಮುಂದಿನ ಗಾಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ, ನಡುಕವಿರುವುದಿಲ್ಲ. ಗಾಲಿ ನಿಂತ ಮೇಲೆ ರಿಮ್ಮಿಗೆ ಒಂದು ಕಡೆ ೧೦೦ ಗ್ರಾಂ ತೂಕದ ಚಪ್ಪಟೆ ಕಬ್ಬಿಣವನ್ನು ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿ, ಅದು ಫೋರ್ಕಿಗೆ ತಾಗದಂತೆ ನೋಡಿಕೊಂಡು ಮತ್ತೆ ತಿರುಗಿಸಿ. ಕಡ್ಡಿಗಳಿಂದ ಬೆರಳು ದೂರವಿರಲಿ. ಹ್ಯಾಂಡಲ್ ಹಿಡಿದವರ ಕೈಗೆ ಏನು ತಿಳಿಯಿತು? ಎದುರು ಬದಿಗೆ ಅಷ್ಟೇ ತೂಕ ಕಟ್ಟಿದರೆ ಏನಾಗುತ್ತದೆ?