ಬೇಲಿ ಅಗ್ಗವಾಗಿರಲಿ, ವಿಷವಾಗದಿರಲಿ

ನೆರೆಹೊರೆಯ ನಾಲ್ಕಾರು ಮಕ್ಕಳನ್ನು ಹಗಲು ಹೊತ್ತು ಮನೆಯಲ್ಲೇ ನೋಡಿಕೊಳ್ಳುವ ಗೃಹಿಣಿಯರಿಗೆ ನನ್ನದೊಂದು ಸಲಹೆ. ಆಟಿಕೆ ಕೊಳ್ಳುವ ಮೊದಲು ಅಂಗಳಕ್ಕೆ ಬೇಲಿ ಹಾಕಿಸಿ. ಆಗಷ್ಟೇ ನಡೆಯಲು ಕಲಿತ ಮಗುವಿಗೆ ಬಾವಿ, ಸಂಪು, ರಸ್ತೆ ಯಾವುದರ ಭಯವೂ ಇರುವುದಿಲ್ಲ. ನೀರಿಗೆ ಬಿದ್ದು ಸಾಯುವ ಅಪಾಯ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲೇ ಹೆಚ್ಚು.

ಖರ್ಚಿಗೆ ಹೆದರಬೇಡಿ. ಬಿದಿರು ಅಥವಾ ಅಡಿಕೆ ದಬ್ಬೆ ಸಾಕು. ಸಿಬಿರು ಏಳದಂತೆ ಹೆರೆದು, 4 ಅಡಿ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿ. ಸಂದು 4 ಅಂಗುಲ ಮೀರಿದರೆ ಮಗುವಿನ ತಲೆ ಸಿಕ್ಕಿಕೊಂಡೀತು. ಅಡ್ಡಪಟ್ಟಿ ಹೊರಬದಿಗಿರಲಿ, ಒಳಗಿದ್ದರೆ ಅದೇ ಏಣಿಯಾಗುತ್ತದೆ. ಚಿಲಕ ಮಗುವಿನ ಕೈಗೆ ಎಟುಕಬಾರದು. ಮುಳ್ಳುತಂತಿ ಬೇಡವೇ ಬೇಡ.

ಗಿಡದ ಬೇಲಿ ಇನ್ನೂ ಅಗ್ಗ, ನಿಜ. ಆದರೆ ನಮ್ಮಲ್ಲಿ ಬೇಲಿಗೆ ನೆಡುವ ಕಾಡುಹರಳಿನ (ಜಟ್ರೋಫಾ) ಬೀಜ ತಿಂದರೆ ವಾಂತಿಭೇದಿ ಶುರುವಾಗುತ್ತದೆ. ಕಳ್ಳಿಹಾಲು ಸಿಡಿದರೆ ಕಣ್ಣಿಗೇ ಅಪಾಯ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಇವುಗಳ ಬದಲು ದಾಸವಾಳ ನೆಡಿ. ಹಾಲು ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಧಾವಿಸಿ. ಬೀಜ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜದ ಸಮೇತ ಮಗುವನ್ನು ಆಸ್ಪತ್ರೆಗೆ ಒಯ್ಯಿರಿ.

ಮಗುವನ್ನು ಒಪ್ಪಿಸಿ ಕೆಲಸಕ್ಕೆ ಹೋಗುವ ತಂದೆತಾಯಂದಿರೇ, ತಿಂಗಳ ಶುಲ್ಕ ವಿಚಾರಿಸುವ ಮೊದಲು ಬೇಲಿ ನೋಡಿ. ಇಲ್ಲದಿದ್ದರೆ ಎಲ್ಲರೂ ಸೇರಿ ಅದರ ಖರ್ಚು ಹಂಚಿಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ. ಬೇಲಿ ಕೊಡುವುದು ಎರಡು ನಿಮಿಷದ ಬಿಡುವಷ್ಟೇ, ಮಗುವನ್ನು ಕಾಯುವುದು ದೊಡ್ಡವರ ಕಣ್ಣೇ.