ಸೊಪ್ಪು ಕಟ್ಟೋ ಕೈಗೆ ಯಾವ ಲೈಸೆನ್ಸು?



ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಹಾಸ್ಟೆಲಿಗೆ ಬಂದ ನಿಮಗೆ ಹೊಗೆಸೊಪ್ಪಿನ ಘಾಟು ಹೊಸದಲ್ಲ. ಹಿತ್ತಲಲ್ಲಿ ನಾಲ್ಕು ಗಿಡ ಹಾಕಿ, ಎಲೆ ಒಣಗಿಸಿ, ಎಲೆಅಡಿಕೆಗೆ ಚೂರು ಮುರ್ಕೊಳ್ಳೋದು ಬೇರೆ. ಸಿಗರೇಟಿನ ವರ್ಜೀನಿಯಾ ಸೊಪ್ಪು ಬೇರೆ. ಅದನ್ನು ಬೆಳೆಯಲು 1975ರ ಕಾಯ್ದೆಯಂತೆ ತಂಬಾಕು ಮಂಡಳಿಯ ನೋಂದಣಿ ಬೇಕು, ಬ್ಯಾರನ್ನಿಗೆ ಲೈಸೆನ್ಸು ಬೇಕು. ಜಮೀನೇ ಇಲ್ಲದವನಿಗೆ ಎಲ್ಲಿಯ ಲೈಸೆನ್ಸು?

ಆದರೆ ಸೊಪ್ಪು ಮುರಿಯೋದಕ್ಕೆ, ಹೊರೋದಕ್ಕೆ, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸೋದಕ್ಕೆ ಕೇರಿಯ ಕೈ ಬೇಕು. ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸಿ, 35 ಡಿಗ್ರಿ ಆಸುಪಾಸಿನಿಂದ 70ರ ತನಕ ಶಾಖ ಏರಿಸಬೇಕು. ಎಲೆ ಹಳದಿಯಾಗಿ, ದಂಟು ಒಣಗಿದ ಮೇಲೆ ಹರಾಜಿಗೆ. ಅಲ್ಲಿ ಬೆಲೆ ಎಲೆಯ ಬಣ್ಣಕ್ಕೆ. ಅಂಟು ಹಿಡಿದು ಕಪ್ಪಾದ ಕೈಗೆ ದಿನಗೂಲಿ ಮಾತ್ರ.

ಮಳೆಯಲ್ಲಿ ನೆಂದ ಹಸಿ ಸೊಪ್ಪು ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ತಲೆ ಸುತ್ತು, ವಾಂತಿ, ಸುಸ್ತು. ಅವ್ವಂದಿರು ‘ಪಿತ್ತ ಕಣ್ಲಾ’ ಅಂತ ಸುಮ್ಮನಾಗ್ತಾರೆ. ಅದು ಪಿತ್ತ ಅಲ್ಲ, ವಿಷ. ಸೇದುವವನಿಗೆ ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆಯ ಚಿತ್ರ ಹಾಕುತ್ತಾರೆ. ಕಟ್ಟುವವಳಿಗೆ ಎಚ್ಚರಿಕೆ ಹೇಳೋರು ಯಾರು?

ನಾವೇ ಹೇಳಬೇಕು. ಓದಿದ್ದು ಅದಕ್ಕೇ. ಊರಿಗೆ ಹೋದಾಗ ಕೇರಿಯವರನ್ನು ಕೂಡಿಸಿ ಮೂರು ಮಾತು ಎತ್ತಿ. ಒದ್ದೆ ಸೊಪ್ಪಿಗೆ ರಬ್ಬರ್ ಗ್ಲೌಸು ಮಾಲೀಕನೇ ಕೊಡಲಿ. ವಾಂತಿಯಾಗಿ ಮಲಗಿದ ದಿನದ ಕೂಲಿ ಕಡಿಯಬಾರದು. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗಿಟ್ಟರೆ 2016ರ ತಿದ್ದುಪಡಿಯಂತೆ ಅಪರಾಧ, ಅವರು ಇಸ್ಕೂಲಿಗೆ ಹೋಗಲಿ.

ಇಷ್ಟು ಕೇಳೋದಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ.